ಹೊರಗೆ ಕಪ್ಪು, ಒಳಗೆ ಹಸಿ: ಆ್ಯಪಲ್ ಫ್ರಿಟರ್ ಬಗ್ಗೆ ನಿಮ್ಮ ಪ್ರಶ್ನೆಗಳು

ಸೆಪ್ಟೆಂಬರ್ ಬಂದರೆ ಸಾಕು, ಅಮೆರಿಕದ ಕನ್ನಡ ಮನೆಗಳಿಂದ ಆ್ಯಪಲ್ ಫ್ರಿಟರ್ (ಸೇಬಿನ ಹೋಳು ಕಲಸಿದ ಹಿಟ್ಟನ್ನು ಎಣ್ಣೆಯಲ್ಲಿ ಕರಿದ ಸಿಹಿ ತಿಂಡಿ) ಪ್ರಶ್ನೆಗಳು ಶುರು. ಎಲ್ಲರೂ ತೋಟಕ್ಕೆ ಹೋಗಿ ಅರ್ಧ ಬುಷೆಲ್, ಅಂದರೆ ಹೆಚ್ಚುಕಮ್ಮಿ 9 ಕೆಜಿ ಸೇಬು ಕಿತ್ತು ತಂದಿರುತ್ತಾರೆ. ಕೆಡಿಸಿಕೊಳ್ಳುವುದೂ ಎಲ್ಲರೂ ಒಂದೇ ಕಡೆ. ಹಾಗಾಗಿ ಈ ಸಲ ಮೊದಲ ಪ್ರಶ್ನೆಗೇ ಜಾಸ್ತಿ ಜಾಗ.

ಮೇಲೆ ಕಡು ಕಂದು ಬಣ್ಣ ಬರುತ್ತದೆ, ಮುರಿದರೆ ಒಳಗೆ ಹಸಿ ಹಿಟ್ಟು. ಬೇಕಿಂಗ್ ಪೌಡರ್ ಹೆಚ್ಚಿಸಲಾ? ಈನೋ ಹಾಕಿ ಅಂತಲೂ ಹೇಳುತ್ತಾರೆ. (ಎಡಿಸನ್, ನ್ಯೂಜೆರ್ಸಿ)

ಎರಡೂ ಬೇಡ. ಹಿಟ್ಟು ಉಬ್ಬಲಿಲ್ಲ ಅಂತ ಹಸಿ ಉಳಿದಿಲ್ಲ, ನೀರಿನಿಂದ ಹಸಿ ಉಳಿದಿದೆ. ಈನೋ ಹಾಕಿದ ಕೂಡಲೇ ಬುಸ್ ಅಂದು ಮುಗಿಯುತ್ತದೆ. ನೀವು ಎರಡನೇ ಸರದಿ ಎಣ್ಣೆಗೆ ಬಿಡುವ ಹೊತ್ತಿಗೆ ಹಿಟ್ಟು ಸತ್ತು ಕೂತಿರುತ್ತದೆ.

ಸೇಬಿನಲ್ಲಿ ನೂರಕ್ಕೆ 85 ಪಾಲು ನೀರೇ. ಈರುಳ್ಳಿ ಪಕೋಡ ಮಾಡುವಾಗ ಈರುಳ್ಳಿಗೆ ಉಪ್ಪು ಹಚ್ಚಿ ಬಿಟ್ಟರೆ ನೀರು ಬಿಡುತ್ತದೆ, ಅದನ್ನು ಲೆಕ್ಕಕ್ಕೆ ಹಿಡಿದೇ ಹಿಟ್ಟು ಕಲಸುತ್ತೀರಿ ಅಲ್ವಾ? ಸೇಬಿಗೆ ಸಕ್ಕರೆ ತಾಗಿದರೂ ಅದೇ ಆಗುತ್ತದೆ. ಇಲ್ಲಿ ಮಾತ್ರ ಆ ಲೆಕ್ಕ ಮರೆತುಬಿಡುತ್ತೀರಿ. ಹತ್ತು ನಿಮಿಷದಲ್ಲಿ ಬಟ್ಟಲಿನ ಹಿಟ್ಟು ತೆಳ್ಳಗಾಗುತ್ತದೆ. ನೀವು ಇನ್ನೆರಡು ಚಮಚ ಮೈದಾ ಸುರಿಯುತ್ತೀರಿ. ಫ್ರಿಟರ್ ಕಲ್ಲಾಗುತ್ತದೆ.

ಒಳಗೆ ನೀರು ಇರುವಷ್ಟು ಹೊತ್ತು ಅಲ್ಲಿನ ಬಿಸಿ 100 ಡಿಗ್ರಿ ಸೆಲ್ಸಿಯಸ್ ದಾಟುವುದಿಲ್ಲ. ಹೊರಗೆ ಎಣ್ಣೆ 180 ಡಿಗ್ರಿಯಲ್ಲಿರುತ್ತದೆ, ಹಿಟ್ಟಿನಲ್ಲಿ ಸಕ್ಕರೆಯೂ ಇದೆ. ಬಣ್ಣ ಬೇಗ ಬರುತ್ತದೆ, ಬೇಯುವುದು ನಿಧಾನ. ಬಣ್ಣ ನೋಡಿ ತೆಗೆದರೆ ಮೋಸ ಹೋಗುವುದು ಅದಕ್ಕೇ.

ಮೊದಲು ನೀರು ಇಳಿಸಿ. ಎರಡು ದೊಡ್ಡ ಸೇಬು ಸಿಪ್ಪೆ ತೆಗೆದು ಕಡಲೆಕಾಳಿನಷ್ಟು ಸಣ್ಣಗೆ ಹೆಚ್ಚಿ. ಒಂದು ಚಮಚ ಬೆಣ್ಣೆ, ಎರಡು ಚಮಚ ಸಕ್ಕರೆ, ಸ್ವಲ್ಪ ನಿಂಬೆರಸ, ಅರ್ಧ ಟೀ ಚಮಚ ದಾಲ್ಚಿನ್ನಿ ಪುಡಿ ಹಾಕಿ ಅಗಲ ಬಾಣಲೆಯಲ್ಲಿ ಬಾಡಿಸಿ. ರಸ ಬಿಡುತ್ತದೆ, ಆಮೇಲೆ ಅದು ಇಂಗಿ ಹೋಳುಗಳಿಗೆ ಅಂಟಿಕೊಳ್ಳುತ್ತದೆ. ಸೌಟಿನಿಂದ ಗೆರೆ ಎಳೆದರೆ ಬಾಣಲೆಯ ತಳ ಒಣಗಿ ಕಾಣಬೇಕು. ಆಗ ಇಳಿಸಿ, ತಟ್ಟೆಯಲ್ಲಿ ಹರಡಿ, ಪೂರ್ತಿ ಆರಲು ಬಿಡಿ. ಬಿಸಿ ಸೇಬನ್ನು ಹಿಟ್ಟಿಗೆ ಹಾಕುವವರು ದಯವಿಟ್ಟು ನನಗೆ ಬರೆಯಬೇಡಿ.

ಒಂದೂವರೆ ಕಪ್ ಮೈದಾ, ಎರಡು ಟೀ ಚಮಚ ಬೇಕಿಂಗ್ ಪೌಡರ್, ಎರಡು ಚಮಚ ಸಕ್ಕರೆ, ಚಿಟಿಕೆ ಉಪ್ಪು, ಎರಡು ಮೊಟ್ಟೆ, ಮೂರನೇ ಒಂದು ಕಪ್ ಹಾಲು ಕಲಸಿ, ಆರಿದ ಸೇಬು ಸೇರಿಸಿ. ಹಿಟ್ಟು ಸೌಟಿನಿಂದ ಉದುರಬೇಕು, ಹರಿಯಬಾರದು. ಕಾಲು ಕಪ್‌ಗಿಂತ ದೊಡ್ಡದು ಬಿಡಬೇಡಿ, ಅರ್ಧ ಇಂಚು ದಪ್ಪಕ್ಕೆ ಚಪ್ಪಟೆ ಮಾಡಿ. ಅಂಗಡಿಯ ಅಂಗೈಯಗಲದ ಫ್ರಿಟರ್ ಯೀಸ್ಟ್ ಹಾಕಿ ಉಬ್ಬಿಸಿದ ಹಿಟ್ಟಿನದು. ಅದರ ಗಾತ್ರ ನೋಡಿ ಇದನ್ನು ಮಾಡಿದರೆ ನಡು ಬೇಯುವುದಿಲ್ಲ.

ಎಣ್ಣೆ 350ರಿಂದ 360 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ಸುಮಾರು 180 ಸೆಲ್ಸಿಯಸ್. ಥರ್ಮಾಮೀಟರ್ ಇಟ್ಟು ನೋಡಿ. ಹಿಟ್ಟಿನ ಚೂರು ಬಿಟ್ಟು ನೋಡುತ್ತೇನೆ ಅನ್ನಬೇಡಿ, ಆ ಚೂರು 390ರಲ್ಲೂ ಹಾಗೇ ಮೇಲೆ ಬರುತ್ತದೆ. ಅಪಾರ್ಟ್‌ಮೆಂಟಿನ ಕಾಯಿಲ್ ಇರುವ ವಿದ್ಯುತ್ ಒಲೆ ನಿಧಾನಕ್ಕೆ ಕಾಯುತ್ತದೆ, ಉರಿ ಇಳಿಸಿದ ಮೇಲೂ ಬಿಸಿಯಾಗಿಯೇ ಇರುತ್ತದೆ. ದಪ್ಪ ತಳದ ಪಾತ್ರೆ ಇಡಿ. ಒಮ್ಮೆಗೆ ಮೂರೇ ಬಿಡಿ, ಬಿಸಿ ಮತ್ತೆ 350ಕ್ಕೆ ಬಂದ ಮೇಲೆ ಮುಂದಿನದು.

ಬಿಟ್ಟ ಕೂಡಲೇ ಸುತ್ತ ದೊಡ್ಡ ಗುಳ್ಳೆ ಏಳುತ್ತವೆ. ಅದು ಒಳಗಿನ ನೀರು ಹಬೆಯಾಗಿ ಹೊರಡುತ್ತಿರುವುದು. ಪ್ರತಿ ಮಗ್ಗುಲಿಗೆ ಎರಡು ನಿಮಿಷ ಆಗುವಾಗ ಗುಳ್ಳೆ ಸಣ್ಣಗಾಗಿ, ಚುರ್ ಸದ್ದು ಇಳಿಯುತ್ತದೆ. ಪೂರ್ತಿ ಅಡಗುವವರೆಗೆ ಕಾಯಬೇಡಿ, ಒಣಗುತ್ತದೆ. ಮೊದಲನೆಯದನ್ನು ಮುರಿದು ನೋಡಿ, ಉಳಿದವನ್ನು ಅದರಂತೆ ಹೆಚ್ಚುಕಡಿಮೆ ಮಾಡಿಕೊಳ್ಳಿ.

ಯಾವ ಸೇಬು? (ಟ್ರಾಯ್, ಮಿಷಿಗನ್)

ನಾರ್ದರ್ನ್ ಸ್ಪೈ ಸಿಕ್ಕರೆ ಬಿಡಬೇಡಿ, ಇಲ್ಲವೆಂದರೆ ಗ್ರ್ಯಾನಿ ಸ್ಮಿತ್. ಮಿನ್ನೆಸೋಟ ವಿಶ್ವವಿದ್ಯಾಲಯ 1991ರಲ್ಲಿ ಹೊರತಂದ ಹನಿಕ್ರಿಸ್ಪ್ ಕಚ್ಚಿ ತಿನ್ನಲು ಚೆಂದ, ಆದರೆ ರಸ ಜಾಸ್ತಿ, ಬಾಣಲೆಯಲ್ಲಿ ಇನ್ನಷ್ಟು ಹೊತ್ತು ಬಾಡಿಸಬೇಕು. ಮೆಕಿಂಟಾಷ್ ಕರಗಿ ಗೊಜ್ಜಾಗುತ್ತದೆ.

ಎಣ್ಣೆ ಕಮ್ಮಿ ಹೀರಲಿ ಅಂತ ಹುಣಸೆಹಣ್ಣಿನ ಉಂಡೆ ಹಾಕುತ್ತೇವೆ. ಇಲ್ಲೂ ಹಾಕಬಹುದಾ?

ಸುಮ್ನೆ ಎಣ್ಣೆ ಕೆಡಿಸಬೇಡಿ. ಫ್ರಿಟರ್ ಎಣ್ಣೆ ಹೀರುವುದು ಹೆಚ್ಚಾಗಿ ಹೊರಗೆ ತೆಗೆದ ಮೇಲೆ. ಒಳಗಿನ ಹಬೆ ತಣ್ಣಗಾಗುತ್ತಾ ಮೇಲಿನ ಎಣ್ಣೆಯನ್ನು ಒಳಗೆ ಎಳೆಯುತ್ತದೆ. ಜಾಲರಿ ಸೌಟಿನಲ್ಲಿ ಎತ್ತಿ, ಎಣ್ಣೆಯ ಮೇಲೇ ಚೆನ್ನಾಗಿ ಕೊಡವಿ, ತಂತಿಯ ಸ್ಟ್ಯಾಂಡ್ ಮೇಲಿಡಿ. ಒಂದರ ಮೇಲೊಂದು ಪೇರಿಸಬೇಡಿ.

ಏರ್ ಫ್ರೈಯರ್‌ನಲ್ಲಿ?

ಹಿಟ್ಟು ತೂತಿನಿಂದ ಸೋರುತ್ತದೆ. ಬೇಡ.

ಮೊಟ್ಟೆ ಇಲ್ಲದೆ?

ಅರ್ಧ ಕಪ್ ಮೊಸರು ಹಾಕಿ, ಹಾಲನ್ನು ಹಿಟ್ಟಿನ ಹದ ನೋಡಿ ಸ್ವಲ್ಪಸ್ವಲ್ಪವಾಗಿ ಸೇರಿಸಿ.

ಡೆನ್ವರ್‌ಗೆ ಬಂದ ಮೇಲೆ ಎಲ್ಲಾ ಕೆಡುತ್ತಿದೆ.

ಊರು ಎತ್ತರದಲ್ಲಿದೆ, ಅಲ್ಲಿ ನೀರು ಕಮ್ಮಿ ಬಿಸಿಗೇ ಕುದಿಯುತ್ತದೆ. ಪ್ರತಿ 1,000 ಅಡಿ ಎತ್ತರಕ್ಕೆ ಎಣ್ಣೆಯ ಬಿಸಿ 3 ಡಿಗ್ರಿ ಫ್ಯಾರನ್‌ಹೀಟ್ ಇಳಿಸಿ. ನಿಮ್ಮ ಊರಿಗೆ 15 ಡಿಗ್ರಿ. ಬೆಂಗಳೂರಿನವರಿಗೂ 9 ಡಿಗ್ರಿ ಲೆಕ್ಕ ಬರುತ್ತದೆ.

ದಾಲ್ಚಿನ್ನಿ ಜಾಸ್ತಿ ಹಾಕಿದರೆ ಶುಗರ್ ಇರುವವರೂ ಧೈರ್ಯವಾಗಿ ತಿನ್ನಬಹುದು ಅಂತ ವಾಟ್ಸ್ಆ್ಯಪ್‌ನಲ್ಲಿ ಬಂದಿದೆ. ಅಮ್ಮ ಊರಿಂದ ಬಂದಿದ್ದಾರೆ, ಕೊಡಲಾ?

ಈ ಸುಳ್ಳು ಹಬ್ಬಿಸುವವರ ಮೇಲೆ ನನಗೆ ನಿಜವಾಗಿಯೂ ಸಿಟ್ಟಿದೆ. ಮೈದಾ, ಸಕ್ಕರೆ, ಮೇಲೆ ಸಕ್ಕರೆ ಪಾಕ. ಇದರ ಮುಂದೆ ಒಂದು ಚಮಚ ದಾಲ್ಚಿನ್ನಿ ಏನು ಮಾಡೀತು? ಅಂಗಡಿಯಲ್ಲಿ ಸಿಗುವ ಅಗ್ಗದ ದಾಲ್ಚಿನ್ನಿ ಹೆಚ್ಚಿನದು ಕ್ಯಾಸಿಯಾ ಎಂಬ ಜಾತಿಯದು. ಅದರಲ್ಲಿ ಕೂಮರಿನ್ ಎಂಬ ರಾಸಾಯನಿಕ ಇದೆ, ಚಮಚಗಟ್ಟಲೆ ದಿನಾ ತಿಂದರೆ ಲಿವರ್‌ಗೆ ಕೆಟ್ಟದ್ದು. ಅಮ್ಮನಿಗೆ ಎಷ್ಟು ಕೊಡಬಹುದು ಅನ್ನುವುದನ್ನು ಅವರ ಡಾಕ್ಟರನ್ನೇ ಕೇಳಿ. ಮಾತ್ರೆ ಮಾತ್ರ ತಪ್ಪಿಸಬೇಡಿ.

ಕರಿಯುವಾಗ ಸ್ಮೋಕ್ ಅಲಾರಂ ಕೂಗುತ್ತದೆ. ಬ್ಯಾಟರಿ ತೆಗೆದಿಡುತ್ತೇವೆ, ಪರವಾಗಿಲ್ಲ ಅಲ್ವಾ?

ಖಂಡಿತ ತೆಗೆಯಬೇಡಿ. ಈ ವಿಷಯದಲ್ಲಿ ನಾನು ಅತಿ ಹುಷಾರು, ನೀವೂ ಹಾಗೇ ಇರಿ. ಅಲಾರಂ ಕೂಗಿದರೆ ಎಣ್ಣೆ ಮಿತಿ ಮೀರಿ ಕಾದಿರಬಹುದು, ಮೊದಲು ಒಲೆ ಇಳಿಸಿ. ಕಿಟಕಿ ತೆರೆಯಿರಿ, ಫ್ಯಾನ್ ಹಾಕಿ. ಪಾತ್ರೆಗೆ ಸರಿಯಾದ ಮುಚ್ಚಳ ಪಕ್ಕದಲ್ಲೇ ಇರಲಿ, ಮಕ್ಕಳು ಒಲೆಯ ಹತ್ತಿರ ಬೇಡ. ಎಣ್ಣೆಗೆ ಬೆಂಕಿ ಹತ್ತಿದರೆ ನೀರು ಹಾಕಬಾರದು, ಪಾತ್ರೆ ಎತ್ತಿಕೊಂಡು ಓಡಲೂಬಾರದು. ಮುಚ್ಚಳ ಸರಿಸಿ ಮುಚ್ಚಿ, ಒಲೆ ಆರಿಸಿ. ಪಾತ್ರೆ ಪೂರ್ತಿ ತಣ್ಣಗಾಗುವವರೆಗೆ ಮುಚ್ಚಳ ತೆಗೆಯಬೇಡಿ. ಬೆಂಕಿ ಅಡಗದಿದ್ದರೆ ಎಲ್ಲರನ್ನೂ ಕರೆದುಕೊಂಡು ಹೊರಗೆ ಹೋಗಿ 911ಕ್ಕೆ ಫೋನ್ ಮಾಡಿ.