ಅಕ್ಕಿ ಮೂಟೆ ಬೇಡ, ದುಡ್ಡು ಕಳಿಸಿ

ಸಕಲೇಶಪುರದ ನಿಮ್ಮ ಯುವಕ ಸಂಘ ಸುಡಾನಿಗಾಗಿ 20 ಮೂಟೆ ಅಕ್ಕಿ, ಹಳೇ ಬಟ್ಟೆ ಕೂಡಿಸಿದೆ, ಕಳಿಸೋದು ಹೇಗೆ ಅಂತ ಕೇಳಿದ್ದೀರಿ. ದೊಡ್ಡ ಮನಸ್ಸು ಸರ್ ನಿಮ್ಮದು. ಆದರೆ ಸಾಮಾನು ಕಳಿಸಬೇಡಿ. ಅಕ್ಕಿ ಹಾಸನದಲ್ಲೇ ಮಾರಿ, ಬಂದ ದುಡ್ಡು ಕಳಿಸಿ.

2023ರ ಏಪ್ರಿಲ್ 15ಕ್ಕೆ ಅಲ್ಲಿ ಸೇನೆಗೂ ಆರ್‌ಎಸ್‌ಎಫ್ ಎಂಬ ಅರೆಸೇನಾ ಪಡೆಗೂ ಯುದ್ಧ ಶುರುವಾಯಿತು. ನಮ್ಮ ಹಕ್ಕಿಪಿಕ್ಕಿ ಜನ ಸಿಕ್ಕಿಕೊಂಡು, ಭಾರತ ಸರ್ಕಾರದ ತೆರವು ಕಾರ್ಯಾಚರಣೆ ಆಪರೇಷನ್ ಕಾವೇರಿಯಲ್ಲಿ ವಾಪಸ್ ಬಂದದ್ದು ನಿಮಗೆ ನೆನಪಿರಬೇಕು. ಒಂದು ಕೋಟಿಗೂ ಹೆಚ್ಚು ಜನ ಮನೆ ಬಿಟ್ಟರು. 2024ರ ಆಗಸ್ಟ್‌ನಲ್ಲಿ ಪಶ್ಚಿಮ ಸುಡಾನಿನ ಡಾರ್ಫರ್ ಪ್ರದೇಶದಲ್ಲಿ, ಮನೆ ಬಿಟ್ಟವರ ಜಮ್‌ಜಮ್ ಶಿಬಿರದಲ್ಲಿ ಕ್ಷಾಮ ದೃಢಪಟ್ಟಿತು.

ತೊಡಕಿರುವುದು ದಾರಿಯಲ್ಲಿ. ಪೋರ್ಟ್ ಸುಡಾನ್‌ನಿಂದಲೋ ನೆರೆಯ ಚಾಡ್ ದೇಶದ ಆದ್ರೆ ಎಂಬ ಗಡಿ ಊರಿನಿಂದಲೋ ಹೊರಟ ಲಾರಿಗೆ ಪರವಾನಗಿ ಸಿಗಬೇಕು, ತಪಾಸಣೆ ಠಾಣೆಗಳನ್ನು ದಾಟಬೇಕು, ಮಳೆಗಾಲದಲ್ಲಿ ಕೆಸರು ಬೇರೆ. ಎಷ್ಟೋ ಕಡೆ ಸಂತೆಯಲ್ಲಿ ಕಾಳು ಇರುತ್ತದೆ, ಕೊಳ್ಳಲು ಕಾಸಿರುವುದಿಲ್ಲ. ದುಡ್ಡು ತಲುಪಿದರೆ ಅಲ್ಲಿನ ಸ್ವಯಂಸೇವಕರು ಕೇರಿಕೇರಿಯ ಸಾಮೂಹಿಕ ಅಡುಗೆಮನೆಯಲ್ಲಿ ಒಲೆ ಹಚ್ಚುತ್ತಾರೆ. ನಮ್ಮ ಮುದ್ದೆಗೆ ರಾಗಿ ಹೇಗೋ, ಅವರ ಕಿಸ್ರಾ ರೊಟ್ಟಿಗೆ ಜೋಳ ಹಾಗೆ.

2018ರ ಕೊಡಗಿನ ಮಳೆ ದುರಂತದಲ್ಲಿ ದಾನದ ಬಟ್ಟೆ ರಾಶಿ ನೆನೆದು ಕೊಳೆತದ್ದನ್ನು ಕಣ್ಣಾರೆ ಕಂಡವನು ನಾನು, ಇವತ್ತಿಗೂ ಸಂಕಟವಾಗುತ್ತದೆ. ಬಟ್ಟೆಯನ್ನು ನಿಮ್ಮ ಸುತ್ತಲಿನ ಕಾಫಿ ತೋಟದ ಲೈನ್ ಮನೆಗಳಲ್ಲಿ ಬೇಕೆಂದವರಿಗೆ ಕೊಡಿ. ದುಡ್ಡನ್ನು ವಿಶ್ವಸಂಸ್ಥೆಯ ವಿಶ್ವ ಆಹಾರ ಕಾರ್ಯಕ್ರಮಕ್ಕೆ ಅದರ ಜಾಲತಾಣದಲ್ಲೇ ಕಟ್ಟಬಹುದು. ರಸೀದಿಯನ್ನು ಸಂಘದ ಸಭೆಯಲ್ಲಿ ಎಲ್ಲರಿಗೂ ತೋರಿಸಿ.