ಮೈಸೂರಿನಲ್ಲಿ ವರ್ಷವಿಡೀ ರೋಡ್ ಸೈಕಲ್ ತುಳಿಯಲು ಎಂಥ ಬಟ್ಟೆ ತಗೋಬೇಕು?

ಮೊದಲ ದುಡ್ಡನ್ನು ಕೂರುವ ಜಾಗದಲ್ಲಿ ಪ್ಯಾಡ್ ಇರುವ ಸೈಕ್ಲಿಂಗ್ ಶಾರ್ಟ್ಸ್‌ಗೆ ಹಾಕಿ. ಅದರೊಳಗೆ ಚಡ್ಡಿ ಬೇಡ, ಹೊಲಿಗೆ ಉಜ್ಜಿ ತೊಡೆಸಂದಿ ಕೆಂಪಾಗುತ್ತದೆ. ನಾನು ನಾಚಿಕೊಂಡು ಚಡ್ಡಿ ಹಾಕಿಕೊಂಡೇ ಶ್ರೀರಂಗಪಟ್ಟಣಕ್ಕೆ ಹೋಗಿದ್ದೆ. ಮೂರು ದಿನ ಕುರ್ಚಿ ಮೇಲೆ ಸರಿಯಾಗಿ ಕೂರಲಾಗಲಿಲ್ಲ.

ಕಾಟನ್ ಟೀ ಶರ್ಟ್ ಬೆವರು ಹೀರಿಕೊಂಡು ಒದ್ದೆಯಾಗೇ ಇರುತ್ತದೆ. ಅದರ ಕಷ್ಟ ಗೊತ್ತಾಗುವುದು ಡಿಸೆಂಬರ್ ಬೆಳಗ್ಗೆ ಚಾಮುಂಡಿ ಬೆಟ್ಟ ಇಳಿಯುವಾಗ. ಹತ್ತುವಾಗ ಮೈಯೆಲ್ಲ ಬೆವರು. ಇಳಿಯುವಾಗ ಪೆಡಲ್ ತುಳಿಯುವ ಕೆಲಸವಿಲ್ಲ, ಎದುರುಗಾಳಿಗೆ ಬೆವರು ಆರುತ್ತಾ ಮೈಯ ಕಾವನ್ನೂ ಎಳೆದುಕೊಂಡು ಹೋಗುತ್ತದೆ. ಹಲ್ಲು ಕಟಕಟ! ಪಾಲಿಯೆಸ್ಟರ್ ಜೆರ್ಸಿ, ಜೇಬಿನಲ್ಲಿ ಮಡಚಿಡುವಂಥ ತೆಳು ವಿಂಡ್‌ಚೀಟರ್ ಸಾಕು. ಅದೂ ಇಲ್ಲವಾದರೆ ಹಳೇ ಪೇಪರ್ ಒಂದನ್ನು ಜೆರ್ಸಿಯೊಳಗೆ ಎದೆಗೆ ತುರುಕಿಕೊಳ್ಳಿ. ತಮಾಷೆಯಲ್ಲ, ಫ್ರಾನ್ಸ್‌ನ ದೊಡ್ಡ ಸೈಕಲ್ ರೇಸ್ ಟೂರ್ ಡಿ ಫ್ರಾನ್ಸ್‌ನ ಸವಾರರೂ ಹೀಗೇ ಮಾಡುತ್ತಿದ್ದರು. ಸುಮ್ನೆ ದಪ್ಪ ಸ್ವೆಟರ್ ಹಾಕಬೇಡಿ. ಆರ್ಮ್ ವಾರ್ಮರ್ (ತೋಳಿಗಷ್ಟೇ ಏರಿಸಿಕೊಳ್ಳುವ ಬಿಡಿ ತೋಳು) ಆದರೆ ಬಿಸಿಲೇರಿದಾಗ ಕಳಚಿ ಜೇಬಿಗೆ ಹಾಕಬಹುದು.

ಮಳೆಗಾಲಕ್ಕೆ ರೇನ್‌ಕೋಟ್‌ಗಿಂತ ಹಿಂದಿನ ಚಕ್ರಕ್ಕೊಂದು ಮಡ್‌ಗಾರ್ಡ್ ಮುಖ್ಯ. ಇಲ್ಲದಿದ್ದರೆ ಮಂಡ್ಯ ಕಡೆ ಕಬ್ಬಿನ ಟ್ರಾಕ್ಟರ್‌ಗಳು ರಸ್ತೆಗೆ ತಂದ ಕೆಸರೆಲ್ಲ ನಿಮ್ಮ ಬೆನ್ನ ಮೇಲೆ. ಹಿಂದಿನ ಕೆಂಪು ಲೈಟ್ ಹಗಲಲ್ಲೂ ಉರಿಯಲಿ. ಹೆಲ್ಮೆಟ್ ಬಗ್ಗೆ ಬೇರೆ ಹೇಳಬೇಕಿಲ್ಲ, ಅಲ್ವಾ?