ಓದುಗರ ಪ್ರಶ್ನೆ: ನಕ್ಷೆಯ ದನ, ಕೊಟ್ಟಿಗೆಯ ದನ

ಪ್ರಶ್ನೆ: ಬೆಂಗಳೂರಲ್ಲಿರುವ ಮಗ ಊರಿಗೆ ಬಂದಾಗ ಲ್ಯಾಪ್‌ಟಾಪ್‌ನಲ್ಲಿ ಪ್ರಪಂಚದ ದನಗಳ ನಕ್ಷೆ ತೋರಿಸಿದ. ನಮ್ಮೂರಿನ ಚೌಕಕ್ಕೂ ದಟ್ಟ ಬಣ್ಣ. ನಮ್ಮ ಕೇರಿಯಲ್ಲಿ ಉಳಿದಿರುವುದೇ ಮೂರು ಕೊಟ್ಟಿಗೆ! ಉಪಗ್ರಹದ ಬೆಳೆ ನಕ್ಷೆಯಲ್ಲಿ ಕಾಳುಮೆಣಸಿನ ಸುಳಿವೇ ಇಲ್ಲ. ಇವನ್ನು ನಂಬಬಹುದೇ?
– ಓದುಗರೊಬ್ಬರು, ಹೊಸನಗರ ತಾಲ್ಲೂಕು

ಉತ್ತರ: ನಿಮ್ಮ ಮೂರು ಕೊಟ್ಟಿಗೆಗಳನ್ನು ಆ ನಕ್ಷೆ ಮಾಡಿದವರು ನೋಡಿಯೇ ಇಲ್ಲ ಮಾರಾಯ್ರೆ. ಮಗ ತೋರಿಸಿದ್ದು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ನಕ್ಷೆ ಇರಬೇಕು. ಅದು ಆಕಾಶದಿಂದ ದನ ಎಣಿಸಿ ಮಾಡಿದ್ದಲ್ಲ. ಆಯಾ ದೇಶದ ಜಾನುವಾರು ಗಣತಿಯ ಮೊತ್ತ ಹಿಡಿದು, ಅದನ್ನು ನಮ್ಮ ಕಡೆ ಸುಮಾರು 9 ಕಿ.ಮೀ. ಉದ್ದಗಲದ ಚೌಕಗಳಿಗೆ ಹಂಚುತ್ತಾರೆ. ಜನವಸತಿ, ಹವೆ, ಗಿಡಮರ, ಇಳಿಜಾರು ನೋಡಿ ಎಲ್ಲಿ ದನ ಹೆಚ್ಚಿರಬಹುದೆಂದು ಕಂಪ್ಯೂಟರ್ ಅಂದಾಜು ಮಾಡುತ್ತದೆ. ಅದರದೇ ಇನ್ನೊಂದು ರೂಪದಲ್ಲಿ ಆ ಅಂದಾಜೂ ಇಲ್ಲ. ಅಂಗಳದಲ್ಲಿ ಅಡಿಕೆ ಹರವಿದ ಹಾಗೆ ಮೊತ್ತವನ್ನು ಸಮನಾಗಿ ಹರವಿದ್ದಾರೆ. ಒಂದು ಚೌಕವೆಂದರೆ 80 ಚದರ ಕಿ.ಮೀ. ಮೇಲಾಯಿತು. ನಿಮ್ಮ ಕೇರಿ, ಆಚೆಯ ಕಾನು, ಪೇಟೆ ಪಕ್ಕದ ಡೇರಿ ಎಲ್ಲಕ್ಕೂ ಒಂದೇ ಬಣ್ಣ.

ಇನ್ನು ಗಣತಿ. ನಮ್ಮ ದೇಶದಲ್ಲಿ ಅದು ಶುರುವಾದದ್ದು 1919ರಲ್ಲಿ, 20ನೆಯದು 2019ರದು. ಹಿಂದೊಮ್ಮೆ ತೀರ್ಥಹಳ್ಳಿ ಕಡೆ ಈ ಕೆಲಸಕ್ಕೆ ನಾನೂ ಹೋಗಿದ್ದೆ. ಮಲೆನಾಡು ಗಿಡ್ಡ ತಳಿಯ ದನ ನಿಮಗೆ ಗೊತ್ತಲ್ಲ, ಬೆಳಿಗ್ಗೆ ಬಿಟ್ಟರೆ ಬ್ಯಾಣದ ಹುಲ್ಲುಗಾವಲು ದಾಟಿ ಕಾಡು ಸೇರುತ್ತದೆ. ನಾನು ಹೋದಾಗ ಕೊಟ್ಟಿಗೆಯಲ್ಲಿದ್ದದ್ದು ಒಂದು ಕರು. "ಹನ್ನೊಂದು ಅಂತ ಬರ್ಕಳಿ, ಸಂಜೆ ಬಂದದ್ದು ಲೆಕ್ಕ" ಎಂದರು ಆ ಮನೆಯ ಅಜ್ಜಿ. ಮಳೆ ಬೇರೆ ಹೊಡೆಯುತ್ತಿತ್ತು. ಬರೆದುಕೊಂಡು, ಕಾಫಿ ಕುಡಿದು ಎದ್ದೆ. ಸಂಜೆ ಎಷ್ಟು ಬಂದವೋ ನೋಡಲು ಹೋಗಲಿಲ್ಲ.

ಮೆಣಸಿನ ಕಥೆ ಬೇರೆ. ಉಪಗ್ರಹಕ್ಕೆ ಕಾಣುವುದು ಅಡಿಕೆ ಸೋಗೆ. ಮರ ತಬ್ಬಿದ ಬಳ್ಳಿ, ಬುಡದ ಏಲಕ್ಕಿ, ನಡುವಿನ ಬಾಳೆ ಎಲ್ಲವೂ ಮೇಲಿನಿಂದ ಒಂದೇ ಹಸಿರಲ್ಲಿ ಮುಚ್ಚಿಹೋಗುತ್ತವೆ. ಮಳೆಗಾಲದಲ್ಲಂತೂ ಮೋಡದ ದೆಸೆಯಿಂದ ಗದ್ದೆಯೂ ಕಾಣದು. ಅದಕ್ಕೆ ಸೆಂಟಿನೆಲ್-1ರಂಥ ರೇಡಾರ್ ಉಪಗ್ರಹ ಬೇಕು. ಅದು ಮೋಡ ತೂರಿ ನೋಡುತ್ತದೆ. ನಾಟಿಗೆ ನೀರು ನಿಲ್ಲಿಸಿದ ಗದ್ದೆ ಅದರ ಚಿತ್ರದಲ್ಲಿ ಕಪ್ಪಗೆ ಕಾಣುವುದರಿಂದ ಭತ್ತ ಸಿಕ್ಕಿಬೀಳುತ್ತದೆ. ಮೆಣಸು ಹಾಗೆಲ್ಲ ಸಿಗುವ ಬೆಳೆಯಲ್ಲ.

ಹಾಗಂತ ನಕ್ಷೆ ದಂಡ ಎನ್ನಲಾರೆ. ಭದ್ರಾ ನಾಲೆಯ ಗದ್ದೆ, ಶಿಕಾರಿಪುರದ ಮೆಕ್ಕೆಜೋಳ, ನಿಮ್ಮ ಕಡೆಯ ತೋಟ ಎಂದು ದೂರದಿಂದ ಜಿಲ್ಲೆ ನೋಡಲು, ಕಾಲುಬಾಯಿ ರೋಗದ ಲಸಿಕೆ ಯಾವ ಕಡೆಗೆ ಹೆಚ್ಚು ಬೇಕೆಂದು ಯೋಚಿಸಲು ಆದೀತು. ನಿಮ್ಮ ಕೇರಿಗೆ ಆಗದು.

ನಿಮಗೆ ಬೇಕಾದದ್ದು ನಮ್ಮ ರಾಜ್ಯದ ಬೆಳೆ ಸಮೀಕ್ಷೆ. ಅದು ಸರ್ವೆ ನಂಬರಿನವರೆಗೆ ಇಳಿಯುತ್ತದೆ, ಜಿಪಿಎಸ್ ಫೋಟೋ ಸಮೇತ. ಬೆಳೆ ವಿಮೆ, ಬೆಳೆಹಾನಿ ಪರಿಹಾರಕ್ಕೆ ಅದನ್ನೇ ನೋಡುತ್ತಾರೆ. ಅಲ್ಲಿ ಬರೀ ಅಡಿಕೆ ಬರೆದು ಮಿಶ್ರಬೆಳೆ ಬಿಟ್ಟಿದ್ದರೆ ನಿಮ್ಮ ಮೆಣಸು ಅಲ್ಲೂ ಇಲ್ಲ! 'ಬೆಳೆ ದರ್ಶಕ' ಆ್ಯಪ್‌ನಲ್ಲಿ ನಿಮ್ಮ ಜಮೀನಿನ ವಿವರ ನೋಡಿ, ತಪ್ಪಿದ್ದರೆ ಆಕ್ಷೇಪಣೆ ಹಾಕಬಹುದು. ಮಗ ರಜೆ ಮುಗಿಸಿ ಬಸ್ಸು ಹತ್ತುವುದರೊಳಗೆ ಇದೊಂದು ಕೆಲಸ ಮಾಡಿಸಿಕೊಳ್ಳಿ.